ಮೂರನೆಯ ಚುಕ್ಕಿ ಇಡದೆ ಗೆರೆ ಎಳೆಯಬೇಡಿ

ಮಕ್ಕಳೇ, ಚುಕ್ಕಿ ರಂಗೋಲಿ ಹಾಕುವುದನ್ನು ನೀವೆಲ್ಲರೂ ನೋಡಿರುತ್ತೀರಿ. ನಿಮ್ಮಲ್ಲಿ ಕೆಲವರು ಹಾಕಿಯೂ ಇರುತ್ತೀರಿ. ಮೊದಲು ಸಾಲಾಗಿ ಚುಕ್ಕಿ, ಆಮೇಲೆ ಗೆರೆ. ಚುಕ್ಕಿಗಳನ್ನೆಲ್ಲ ಇಟ್ಟು ಮುಗಿದ ಮೇಲೆ ಅಮ್ಮನೋ ಅಕ್ಕನೋ ಒಂದು ಹೆಜ್ಜೆ ಹಿಂದೆ ಸರಿದು, ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡಿಕೊಂಡು ಒಮ್ಮೆ ನೋಡುತ್ತಾರಲ್ಲ, ಅದನ್ನು ಗಮನಿಸಿದ್ದೀರಾ? ಯಾವುದಾದರೂ ಚುಕ್ಕಿ ಸಾಲು ತಪ್ಪಿದ್ದರೆ ಅಲ್ಲೇ ಒರೆಸಿ ಮತ್ತೆ ಇಡುತ್ತಾರೆ. ಗೆರೆ ಎಳೆದಾದ ಮೇಲೆ ತಪ್ಪು ಕಂಡರೆ ಇಡೀ ರಂಗೋಲಿಯನ್ನೇ ಅಳಿಸಬೇಕಾಗುತ್ತದೆ.

ಗಣಿತದಲ್ಲಿ ಸಮೀಕರಣಕ್ಕೆ ನಕ್ಷೆ ಬರೆಯುವಾಗಲೂ ನಾವು ಮಾಡುವುದು ಇದನ್ನೇ. ಚುಕ್ಕಿ ಇಡುತ್ತೇವೆ, ಗೆರೆ ಎಳೆಯುತ್ತೇವೆ. ಆದರೆ ನಡುವಿನ ಆ ಒಂದು ಹೆಜ್ಜೆ, ಹಿಂದೆ ಸರಿದು ನೋಡುವ ಹೆಜ್ಜೆ, ನಮ್ಮಿಂದ ಬಿಟ್ಟುಹೋಗುತ್ತದೆ. "ಎರಡು ಬಿಂದು ಗುರುತಿಸು, ಸ್ಕೇಲ್ ಇಡು, ಗೆರೆ ಎಳಿ, ಮುಗಿಯಿತು" ಎಂದು ಕಲಿಯುವುದು ರೂಢಿಯಾಗಿದೆ. ಇಷ್ಟು ಸಾಲದು, ಮೂರನೆಯ ಚುಕ್ಕಿ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಓದುವಾಗ ಪಕ್ಕದಲ್ಲಿ ಒಂದು ಚೌಕುಳಿ ಹಾಳೆ ಮತ್ತು ಪೆನ್ಸಿಲ್ ಇಟ್ಟುಕೊಳ್ಳಿ. ಅಂಗಡಿಯ ಗ್ರಾಫ್ ಹಾಳೆಯೇ ಆಗಬೇಕೆಂದಿಲ್ಲ. ಒಂದನೆಯ ತರಗತಿಯ ತಮ್ಮನದೋ ತಂಗಿಯದೋ ಲೆಕ್ಕದ ಪುಸ್ತಕದ ಚೌಕದ ಹಾಳೆ ಸಾಕು. ಅವರನ್ನು ಕೇಳಿಯೇ ತೆಗೆದುಕೊಳ್ಳಿ!

ಬೆಟ್ಟ ಎದ್ದು ಹೋದ ಕಥೆ

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರ, ವಿಜಯನಗರದಂತಹ ಬಡಾವಣೆಗಳಲ್ಲಿ ಮನೆ ಹುಡುಕುವುದು ಹೇಗೆ? ಇಷ್ಟನೆಯ ಮೇನ್, ಇಷ್ಟನೆಯ ಕ್ರಾಸ್ ಎಂದು ವಿಳಾಸದಲ್ಲಿರುತ್ತದೆ. ಮೇನ್ ರಸ್ತೆಗಳು ಒಂದು ದಿಕ್ಕಿಗೆ, ಕ್ರಾಸ್ ರಸ್ತೆಗಳು ಅವಕ್ಕೆ ಅಡ್ಡವಾಗಿ. ಎರಡು ಸಂಖ್ಯೆ ಗೊತ್ತಾದರೆ ರಸ್ತೆಗಳು ಕೂಡುವ ಮೂಲೆ ಗೊತ್ತಾಗುತ್ತದೆ. ಆದರೆ ಯಾವ ಸಂಖ್ಯೆ ಯಾವುದಕ್ಕೆ ಎಂಬುದು ಅದಲುಬದಲಾದರೆ? ಮೂರನೆಯ ಮೇನ್, ಐದನೆಯ ಕ್ರಾಸ್‌ಗೆ ಹೋಗಬೇಕಾದವರು ಐದನೆಯ ಮೇನ್, ಮೂರನೆಯ ಕ್ರಾಸ್‌ನಲ್ಲಿ ನಿಂತು ಬೇರೆ ಯಾರದೋ ಮನೆಯ ಬಾಗಿಲು ಬಡಿಯುತ್ತಾರೆ. ಅಂಚೆಯಣ್ಣನಿಗೆ ಇದು ಚೆನ್ನಾಗಿ ಗೊತ್ತು.

ನಿರ್ದೇಶಾಂಕ ಎಂದರೆ ಇಂತಹ ಎರಡು ಸಂಖ್ಯೆಗಳ ವಿಳಾಸ. ಫ್ರಾನ್ಸ್ ದೇಶದ ರೆನೆ ದೆಕಾರ್ತ್ 1637ರಲ್ಲಿ ಪ್ರಕಟಿಸಿದ ಜ್ಯಾಮಿತಿಯ ಬರಹದಿಂದ ಈ ವಿಧಾನ ಹೆಸರಾಯಿತು. ಅದಕ್ಕೇ ಇದನ್ನು ಕಾರ್ಟೀಸಿಯನ್ ಪದ್ಧತಿ ಎನ್ನುತ್ತಾರೆ. ನಿಮ್ಮ ಪಠ್ಯಪುಸ್ತಕದಲ್ಲಿ ಎಕ್ಸ್ ಮತ್ತು ವೈ ಎಂದಿರುತ್ತದೆ. ನಾನಿಲ್ಲಿ ಕನ್ನಡದಲ್ಲಿಯೇ ಕ್ಷ ಮತ್ತು ಯ ಎನ್ನುತ್ತೇನೆ. ಆಸ್ಪತ್ರೆಯ ಕ್ಷ-ಕಿರಣದಲ್ಲಿರುವ ಅದೇ ಕ್ಷ. ಅಡ್ಡ ಗೆರೆ ಕ್ಷ-ಅಕ್ಷ, ನಿಂತ ಗೆರೆ ಯ-ಅಕ್ಷ, ಎರಡೂ ಕೂಡುವಲ್ಲಿ ಮೂಲಬಿಂದು, ಅಂದರೆ (0, 0).

ಈಗ ಮೈಸೂರನ್ನೇ ಹಾಳೆಯ ಮೇಲೆ ಇಡೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಪ್ರತಿಮೆ ಇರುವ ಕೆ.ಆರ್. ವೃತ್ತವೇ ನಮ್ಮ ಮೂಲಬಿಂದು ಆಗಲಿ. ಒಂದು ಚೌಕಕ್ಕೆ ಒಂದು ಕಿಲೋಮೀಟರ್. ಪೂರ್ವಕ್ಕೆ ಹೋದರೆ ಕ್ಷ ಧನ, ಪಶ್ಚಿಮಕ್ಕೆ ಹೋದರೆ ಋಣ. ಉತ್ತರಕ್ಕೆ ಹೋದರೆ ಯ ಧನ, ದಕ್ಷಿಣಕ್ಕೆ ಹೋದರೆ ಋಣ. ಆಗ ಸಂತ ಫಿಲೋಮಿನಾ ಚರ್ಚು ಈಶಾನ್ಯದಲ್ಲಿ, ಅಂದರೆ ಎರಡೂ ಸಂಖ್ಯೆ ಧನವಾಗಿರುವ ಮೊದಲನೆಯ ಪಾದದಲ್ಲಿ ಬರುತ್ತದೆ. ರೈಲು ನಿಲ್ದಾಣ ವಾಯವ್ಯಕ್ಕೆ, ಎರಡನೆಯ ಪಾದದಲ್ಲಿ. ಕುವೆಂಪುನಗರ ನೈಋತ್ಯಕ್ಕೆ, ಮೂರನೆಯದರಲ್ಲಿ. ಚಾಮುಂಡಿಬೆಟ್ಟದ ದೇವಸ್ಥಾನ ಪೂರ್ವಕ್ಕೆ ಸುಮಾರು 2, ದಕ್ಷಿಣಕ್ಕೆ ಸುಮಾರು 4 ಕಿಲೋಮೀಟರ್. ಆದ್ದರಿಂದ ಅದರ ವಿಳಾಸ ಹೆಚ್ಚುಕಡಿಮೆ (2, −4), ನಾಲ್ಕನೆಯ ಪಾದ. ಇದನ್ನೇ ಅವಸರದಲ್ಲಿ (−4, 2) ಎಂದು ಬರೆದುಬಿಟ್ಟಿರೋ, ಬೆಟ್ಟ ಎದ್ದು ಊರು ದಾಟಿ ವಿಜಯನಗರದ ಕಡೆ ಹೋಗಿ ಕುಳಿತುಬಿಡುತ್ತದೆ!

ಬಿಂದು ಗುರುತಿಸುವುದು ಇಷ್ಟೇ. ಇನ್ನು ಸಮೀಕರಣ.

ನನ್ನ ಗೆರೆ ಇಳಿಯಿತು

ಯ = 2ಕ್ಷ − 3 ಎಂಬ ಸಮೀಕರಣ ತೆಗೆದುಕೊಳ್ಳಿ. ಇದು ಒಂದು ನಿಯಮ ಹೇಳುತ್ತಿದೆ: ಕ್ಷ ಎಷ್ಟಾದರೂ ಇರಲಿ, ಅದನ್ನು ಎರಡರಷ್ಟು ಮಾಡಿ 3 ಕಳೆದರೆ ಯ ಸಿಗುತ್ತದೆ. ಈ ನಿಯಮ ಪಾಲಿಸುವ ಎಲ್ಲ ಚುಕ್ಕಿಗಳನ್ನೂ ಇಟ್ಟರೆ ಅವು ಒಂದು ನೇರ ಗೆರೆಯ ಮೇಲೆ ನಿಲ್ಲುತ್ತವೆ. ಅದಕ್ಕೇ ಇದರ ಹೆಸರು ರೇಖಾತ್ಮಕ ಸಮೀಕರಣ. ಎಲ್ಲ ಚುಕ್ಕಿಗಳನ್ನು ಇಡಲು ಆಯುಷ್ಯ ಸಾಲದು. ಎರಡು ಬಿಂದುಗಳ ಮೂಲಕ ಒಂದೇ ಒಂದು ಸರಳರೇಖೆ ಹಾದುಹೋಗುವುದರಿಂದ ಎರಡನ್ನು ಇಟ್ಟರೆ ಗೆರೆ ಸಿಕ್ಕಿತು ಎಂಬುದು ಲೆಕ್ಕ.

ನಾನು ಶಾಲೆಯಲ್ಲಿದ್ದಾಗ ಪರೀಕ್ಷೆಯಲ್ಲಿ ಇಂಥದ್ದೇ ಒಂದು ಪ್ರಶ್ನೆ ಬಂದಿತ್ತು. ಕ್ಷ = 0 ಆದಾಗ ಯ = −3 ಆಗಬೇಕು. ನಾನು ಅವಸರದಲ್ಲಿ ಆ ಕಳೆಯುವ ಗುರುತನ್ನು ನುಂಗಿ 3 ಎಂದು ಬರೆದೆ. ಕ್ಷ = 2 ಆದಾಗ ಯ = 1; ಇದು ಸರಿಯಾಗಿತ್ತು. (0, 3) ಮತ್ತು (2, 1) ಎರಡನ್ನೂ ಗುರುತಿಸಿ ಚೂಪು ಪೆನ್ಸಿಲಿನಿಂದ ಗೆರೆ ಎಳೆದೆ. ಎರಡು ತುದಿಗೂ ಬಾಣ ಹಾಕಿದೆ. ಮೂಲೆಯಲ್ಲಿ ಪ್ರಮಾಣ ಬರೆದೆ. ಹಾಳೆ ನೋಡಲು ಬಹಳ ಅಂದವಾಗಿತ್ತು. ಮನೆಗೆ ಬಂದು "ಗಣಿತ ಸುಲಭ ಇತ್ತಮ್ಮ" ಎಂದೂ ಹೇಳಿದ್ದೆ.

ಉತ್ತರಪತ್ರಿಕೆ ಕೊಡುವ ದಿನ ಮೇಷ್ಟ್ರು ನನ್ನನ್ನು ಕರೆದು ಗೆರೆಯ ಮೇಲೆ ಬೆರಳಿಟ್ಟು, "ಏನಪ್ಪಾ, ಕ್ಷ ಜಾಸ್ತಿ ಆದ ಹಾಗೆಲ್ಲ ಯ ಕೂಡ ಜಾಸ್ತಿ ಆಗಬೇಕಲ್ಲವೇನೋ? ನಿನ್ನ ಗೆರೆ ಯಾಕೋ ಕೆಳಗಿಳಿಯುತ್ತಿದೆ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಅವರು ಬೈಯಲಿಲ್ಲ. "ಕ್ಷ = 3 ಹಾಕಿ ನೋಡು" ಎಂದರು. ಎರಡು ಮೂರಲೆ ಆರು, ಆರರಲ್ಲಿ ಮೂರು ಹೋದರೆ ಮೂರು. (3, 3) ಎಂಬ ಚುಕ್ಕಿ ಇಟ್ಟೆ. ಅದು ನನ್ನ ಗೆರೆಯಿಂದ ಬಹಳ ಮೇಲೆ, ಎಲ್ಲೋ ಒಂಟಿಯಾಗಿ ನಿಂತಿತ್ತು. ನೀವೂ ಹಾಳೆಯ ಮೇಲೆ ಮಾಡಿ ನೋಡಿ. ಆ ಚುಕ್ಕಿಯನ್ನು ಪರೀಕ್ಷೆಯಲ್ಲಿಯೇ ಇಟ್ಟಿದ್ದರೆ ಅರ್ಧ ನಿಮಿಷ ಹೋಗುತ್ತಿತ್ತು, ಅಂಕ ಉಳಿಯುತ್ತಿತ್ತು.

ಇಲ್ಲಿ ಒಂದು ವಿಷಯ ಯೋಚಿಸಿ. ಎರಡು ಚುಕ್ಕಿಗಳು ಎಷ್ಟೇ ತಪ್ಪಾಗಿದ್ದರೂ ಅವುಗಳ ನಡುವೆ ನೇರ ಗೆರೆ ಬಂದೇ ಬರುತ್ತದೆ. ಕಣ್ಣು ಮುಚ್ಚಿಕೊಂಡು ಹಾಳೆಯ ಮೇಲೆ ಎರಡು ಕಡೆ ಪೆನ್ಸಿಲ್ ಚುಚ್ಚಿದರೂ ಅವೆರಡನ್ನೂ ಕೂಡಿಸುವ ಗೆರೆ ನೆಟ್ಟಗೇ ಇರುತ್ತದೆ. ಆದ್ದರಿಂದ "ಗೆರೆ ನೇರವಾಗಿ ಬಂದಿದೆ, ಹಾಗಾಗಿ ಸರಿ ಇದೆ" ಎಂಬ ಸಮಾಧಾನಕ್ಕೆ ಅರ್ಥವೇ ಇಲ್ಲ. ಮೂರು ಚುಕ್ಕಿಗಳು ಹಾಗಲ್ಲ. ಮನಸ್ಸಿಗೆ ಬಂದಲ್ಲಿ ಇಟ್ಟ ಮೂರು ಚುಕ್ಕಿಗಳು ಒಂದೇ ಸಾಲಿಗೆ ಬರುವುದು ತೀರಾ ಅಪರೂಪ. ಬಂದವೆಂದರೆ ಲೆಕ್ಕ ಸರಿ ಇದೆ ಎಂದು ನಂಬಲು ಒಳ್ಳೆಯ ಕಾರಣ ಸಿಕ್ಕಿತು. ಒಂದು ಹೊರಗೆ ನಿಂತರೆ ಮೂರರಲ್ಲಿ ಯಾವುದೋ ತಪ್ಪಿದೆ. ಯಾವುದು ಎಂಬುದನ್ನು ಅದು ಹೇಳುವುದಿಲ್ಲ. ಹುಡುಕುವ ಕೆಲಸ ನಿಮ್ಮದು.

"ಎರಡು ಬಿಂದು ಸಾಕು ಎಂದು ಪುಸ್ತಕದಲ್ಲಿಯೇ ಇದೆಯಲ್ಲ?" ಎಂದು ಯಾರಾದರೂ ಕೇಳಬಹುದು. ಪುಸ್ತಕ ಹೇಳುವುದು ಸತ್ಯ. ರೇಖೆಗೆ ಎರಡು ಬಿಂದು ಸಾಕು. ಆದರೆ ತಪ್ಪು ಮಾಡುವ ನಮ್ಮ ಕೈಗೆ ಸಾಲದು! ಈಗ ಜಿಯೋಜೀಬ್ರಾದಂತಹ ತಂತ್ರಾಂಶಗಳಿವೆ, ಸಮೀಕರಣ ಬರೆದರೆ ಅವು ಕ್ಷಣದಲ್ಲಿ ಗೆರೆ ಎಳೆದು ತೋರಿಸುತ್ತವೆ. ಅವನ್ನು ಬಳಸಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ −3 ಎಂದು ಬರೆಯುವ ಕಡೆ 3 ಎಂದು ಬೆರಳು ಒತ್ತಿದರೆ ಅವು ತಪ್ಪು ಗೆರೆಯನ್ನೂ ಅಷ್ಟೇ ಅಂದವಾಗಿ ಎಳೆಯುತ್ತವೆ.

ಶ್ರೀರಂಗಪಟ್ಟಣದಿಂದ ಹೊರಟ ಅಳತೆ

ಮತ್ತೊಮ್ಮೆ ಅಳೆದು ನೋಡುವುದು ದಡ್ಡರ ಕೆಲಸ ಎಂದುಕೊಳ್ಳಬೇಡಿ. ಮೈಸೂರಿನ ಪಕ್ಕದಲ್ಲಿಯೇ ಶುರುವಾದ ಒಂದು ಕಥೆ ಕೇಳಿ. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧಕ್ಕೆ ಬಂದ ಬ್ರಿಟಿಷ್ ಸೈನ್ಯದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಇದ್ದ. ಗಣಿತ ಮತ್ತು ಖಗೋಳ ಅವನಿಗೆ ಪ್ರಿಯವಾದ ವಿಷಯಗಳು. ಒಂದು ರಾತ್ರಿ ಸೈನಿಕರ ತಂಡ ಕತ್ತಲಲ್ಲಿ ನಡೆಯುತ್ತಿದ್ದಾಗ ಇವನು ನಕ್ಷತ್ರಗಳನ್ನು ನೋಡಿ, ನಾವು ಹೋಗಬೇಕಾದ ದಿಕ್ಕಿಗೆ ಹೋಗುತ್ತಿಲ್ಲ ಎಂದು ಎಚ್ಚರಿಸಿದನಂತೆ. ಯುದ್ಧ ಮುಗಿದ ಮೇಲೆ, ದಕ್ಷಿಣ ಭಾರತವನ್ನು ಪೂರ್ವದ ಕರಾವಳಿಯಿಂದ ಪಶ್ಚಿಮದ ಕರಾವಳಿಯವರೆಗೆ ನಿಖರವಾಗಿ ಅಳೆಯಬೇಕೆಂದು ಯೋಜನೆ ಹಾಕಿದ.

ಇಡೀ ನೆಲದ ಮೇಲೆ ಸರಪಳಿ ಹಿಡಿದು ಅಳೆಯುತ್ತಾ ಹೋಗಲು ಸಾಧ್ಯವೇ? ಇಲ್ಲ. ಬೆಟ್ಟವಿದೆ, ಕಾಡಿದೆ, ಹೊಳೆಯಿದೆ. ಅದಕ್ಕೆ ತ್ರಿಭುಜದ ಉಪಾಯ. ತ್ರಿಭುಜದ ಒಂದು ಬಾಹುವಿನ ಉದ್ದ ಮತ್ತು ಎರಡು ಕೋನ ಗೊತ್ತಿದ್ದರೆ ಉಳಿದ ಬಾಹುಗಳನ್ನು ಕುಳಿತಲ್ಲಿಯೇ ಲೆಕ್ಕ ಹಾಕಬಹುದು. ಹಾಗೆ ಸಿಕ್ಕ ಬಾಹುವಿನ ಮೇಲೆ ಇನ್ನೊಂದು ತ್ರಿಭುಜ, ಅದರ ಮೇಲೆ ಮತ್ತೊಂದು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ, ನೂರು ಅಡಿ ಉದ್ದದ ಉಕ್ಕಿನ ಸರಪಳಿಯಿಂದ ಸುಮಾರು 12 ಕಿಲೋಮೀಟರ್ ಉದ್ದದ ಮೊದಲ ಗೆರೆಯನ್ನು ಅಳೆದರು. ಅದಕ್ಕೇ ಎರಡು ತಿಂಗಳ ಹತ್ತಿರ ಹಿಡಿಯಿತು. ಆಮೇಲೆ ಸುಮಾರು ಅರ್ಧ ಟನ್ ತೂಕದ ಥಿಯೊಡೊಲೈಟ್ ಎಂಬ ಕೋನ ಅಳೆಯುವ ಉಪಕರಣವನ್ನು ಹೊರಿಸಿಕೊಂಡು, ತ್ರಿಭುಜಗಳನ್ನು ಹೆಣೆಯುತ್ತಾ ಬೆಂಗಳೂರಿನ ಕಡೆ ಬಂದರು.

ಬೆಂಗಳೂರಿಗೆ ಬಂದಾಗ ಎಲ್ಲ ಉದ್ದಗಳೂ ಲೆಕ್ಕದಲ್ಲಿ ಸಿಕ್ಕಿದ್ದವು. ಕೆಲಸ ಮುಗಿಯಿತು ಎಂದು ಬಿಡಬಹುದಿತ್ತಲ್ಲವೇ? ಲ್ಯಾಂಬ್ಟನ್ ಬಿಡಲಿಲ್ಲ. 1804ರಲ್ಲಿ ಬೆಂಗಳೂರಿನ ಬಳಿ ಒಂದು ಗೆರೆಯನ್ನು ಮತ್ತೆ ನೆಲದ ಮೇಲೆ ಸರಪಳಿ ಹಾಕಿಯೇ ಅಳೆಸಿದ. ಸುಮಾರು 300 ಕಿಲೋಮೀಟರ್ ದೂರದ ಮದರಾಸಿನಿಂದ ತ್ರಿಭುಜಗಳ ಮೂಲಕ ಬಂದ ಲೆಕ್ಕಕ್ಕೂ, ನೆಲದ ಮೇಲಿನ ಅಳತೆಗೂ ಇದ್ದ ವ್ಯತ್ಯಾಸ ಕೆಲವೇ ಅಂಗುಲ. ಈ ಅಳತೆಗೆ 'ತಾಳೆ ನೋಡುವ ಗೆರೆ' ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದರು. ನನ್ನ ಮೂರನೆಯ ಚುಕ್ಕಿ ಇದರ ಪುಟ್ಟ ತಮ್ಮ. ಈ ಸರ್ವೆ ಮುಂದೆ ಹಿಮಾಲಯದವರೆಗೆ ಸಾಗಿತು. ಎವರೆಸ್ಟ್ ಶಿಖರದ ಎತ್ತರವನ್ನು 1856ರಲ್ಲಿ ಪ್ರಕಟಿಸಿದ್ದು ಇದೇ ಸರ್ವೆಯವರು.

ಚುಕ್ಕಿ ಎಲ್ಲಿಡಬೇಕು?

ಮೂರು ಚುಕ್ಕಿ ಎಂದ ತಕ್ಷಣ ಪಕ್ಕ ಪಕ್ಕದಲ್ಲಿಯೇ 0, 1, 2 ಎಂದು ಇಡುವವರಿದ್ದಾರೆ. ಅದಕ್ಕಿಂತ ಹರಡಿ ಇಡುವುದು ಒಳ್ಳೆಯದು. ಎರಡು ಚುಕ್ಕಿಗಳ ನಡುವೆ ಒಂದೇ ಸೆಂಟಿಮೀಟರ್ ಅಂತರವಿದ್ದು, ಅವುಗಳಲ್ಲಿ ಒಂದು ಒಂದು ಮಿಲಿಮೀಟರ್ ಮೇಲೆ ಹೋಯಿತೆನ್ನಿ. ಒಂದು ಮಿಲಿಮೀಟರ್ ಎಂದರೆ ಮೊಂಡು ಪೆನ್ಸಿಲಿನ ಗುರುತಿನಷ್ಟು. ಅದೇ ಗೆರೆಯನ್ನು ಹತ್ತು ಸೆಂಟಿಮೀಟರ್ ಬೆಳೆಸಿದರೆ ತಪ್ಪು ಹತ್ತು ಪಟ್ಟಾಗಿ ಒಂದು ಸೆಂಟಿಮೀಟರ್ ಆಗುತ್ತದೆ. ಚುಕ್ಕಿಗಳು ಮೊದಲೇ ಹತ್ತು ಸೆಂಟಿಮೀಟರ್ ದೂರ ಇದ್ದಿದ್ದರೆ ಆ ತಪ್ಪು ಒಂದೇ ಮಿಲಿಮೀಟರ್‌ನಲ್ಲಿ ಉಳಿಯುತ್ತಿತ್ತು. ಬೇಲಿ ಹಾಕುವವರು ಮೊದಲು ಎರಡು ತುದಿಯ ಗೂಟ ನೆಟ್ಟು ಹಗ್ಗ ಕಟ್ಟುವುದು ಇದೇ ಕಾರಣಕ್ಕೆ.

ಮೂರನೆಯ ಚುಕ್ಕಿ ಗೆರೆಯ ಮೇಲೆ ಬೀಳದಿದ್ದರೆ ಯಾವಾಗಲೂ ನಿಮ್ಮದೇ ತಪ್ಪು ಎಂದಲ್ಲ. ಕೆಲವು ಸಲ ವಿಷಯವೇ ಸರಳರೇಖೆ ಆಗಿರುವುದಿಲ್ಲ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಕೆ.ಆರ್.ಎಸ್. ಅಣೆಕಟ್ಟೆಯ ನೀರಿನ ಮಟ್ಟ ದಿನವೂ ಬರುತ್ತದೆ. ಪೂರ್ಣ ಮಟ್ಟ 124.80 ಅಡಿ. ಜುಲೈ 1ರಂದು 100 ಅಡಿ, ಜುಲೈ 3ರಂದು 104 ಅಡಿ ಇತ್ತೆಂದು ಸುಮ್ಮನೆ ಊಹಿಸಿಕೊಳ್ಳೋಣ. ಎರಡು ಚುಕ್ಕಿ ಇಟ್ಟು ಗೆರೆ ಎಳೆದವರು "ದಿನಕ್ಕೆ 2 ಅಡಿ, ಜುಲೈ 13ರಂದು ಕಟ್ಟೆ ತುಂಬುತ್ತದೆ, ನೋಡುತ್ತಿರಿ" ಎಂದು ಹೇಳಿಬಿಡುತ್ತಾರೆ. ಜುಲೈ 5ರಂದು ಗೆರೆಯ ಪ್ರಕಾರ 108 ಅಡಿ ಇರಬೇಕು. ಪತ್ರಿಕೆ ತೆರೆದರೆ 106! ಲೆಕ್ಕ ತಪ್ಪಲಿಲ್ಲ, ಪೆನ್ಸಿಲ್ ಜಾರಲಿಲ್ಲ. ಕೊಡಗಿನಲ್ಲಿ ಮಳೆ ಇಳಿದಿರಬಹುದು. ಅದೂ ಅಲ್ಲದೆ ಜಲಾಶಯ ಮೇಲೆ ಹೋದಂತೆ ಅಗಲವಾಗುತ್ತದೆ. ಆದ್ದರಿಂದ ಅಷ್ಟೇ ನೀರು ಬಂದರೂ ಮಟ್ಟ ಮೊದಲಿನಷ್ಟು ಏರುವುದಿಲ್ಲ. ಇದನ್ನು ನಿಮಗೆ ತಿಳಿಸಿದ್ದು ಮೂರನೆಯ ಚುಕ್ಕಿ. ಎರಡರಲ್ಲೇ ನಿಲ್ಲಿಸಿದ್ದರೆ ಕಾವೇರಿಯೂ ಸ್ಕೇಲ್ ಹಿಡಿದು ಏರುತ್ತಾಳೆ ಎಂದೇ ನೀವು ನಂಬಿರುತ್ತಿದ್ದಿರಿ.

ಊದುಬತ್ತಿಯ ಲೆಕ್ಕ

ಇಷ್ಟೆಲ್ಲ ಏಕೆ, ಅಂಕ ಬಂದರೆ ಸಾಕಲ್ಲ ಎನ್ನುವವರಿಗೆ ಈಗ ಹೇಳುವುದು. ಮೈಸೂರಿನ ಊದುಬತ್ತಿ ಹೆಸರುವಾಸಿ. ಯಂತ್ರಗಳು ಬಂದಿದ್ದರೂ, ಇದ್ದಿಲು ಪುಡಿ ಮತ್ತು ಜಿಗಟು ಸೇರಿಸಿದ ಹಿಟ್ಟನ್ನು ಬಿದಿರು ಕಡ್ಡಿಗೆ ಕೈಯಲ್ಲಿ ಹೊಸೆಯುವ ಕೆಲಸವನ್ನು ಮನೆಯಲ್ಲಿ ಕುಳಿತು ಮಾಡಿದ ತಾಯಂದಿರು, ಅಜ್ಜಿಯರು ಈ ಊರಿನಲ್ಲಿ ಬಹಳ ಮಂದಿ. ಕೂಲಿ ಸಾವಿರ ಕಡ್ಡಿಗೆ ಇಷ್ಟು ಎಂದು ಲೆಕ್ಕ. ನಿಮ್ಮ ಮನೆಯಲ್ಲಿಯೇ ಇಂಥವರು ಇರಬಹುದು.

ಇಬ್ಬರು ಮಾಲೀಕರು ಕೆಲಸ ಕೊಡುತ್ತಾರೆ ಎಂದುಕೊಳ್ಳಿ. (ಅಂಕಿಗಳು ಲೆಕ್ಕಕ್ಕೆಂದು ನಾನೇ ಹಾಕಿದವು, ನಿಜವಾದ ಕೂಲಿ ಬೇರೆ ಇರುತ್ತದೆ.) ಮೊದಲನೆಯವರು ಸಾಮಾನನ್ನು ಮನೆಗೇ ತಂದುಕೊಟ್ಟು ಸಾವಿರಕ್ಕೆ 20 ರೂಪಾಯಿ ಕೊಡುತ್ತಾರೆ. ಎರಡನೆಯವರು ಸಾವಿರಕ್ಕೆ 30 ಕೊಡುತ್ತಾರೆ. ಆದರೆ ಸಾಮಾನು ತರಲು ದಿನವೂ ನೀವೇ ಆಟೋ ಮಾಡಿಕೊಂಡು ಹೋಗಬೇಕು, ಅದಕ್ಕೆ 40 ರೂಪಾಯಿ. ಅಮ್ಮ ಯಾರ ಹತ್ತಿರ ಕೆಲಸ ಒಪ್ಪಿಕೊಳ್ಳಬೇಕು? "ಮೂವತ್ತು ದೊಡ್ಡದಲ್ಲವಾ" ಎಂದು ಒಬ್ಬರು, "ನಲವತ್ತು ಯಾಕೆ ಕಳೆದುಕೊಳ್ಳಬೇಕು" ಎಂದು ಇನ್ನೊಬ್ಬರು ಹೇಳುತ್ತಾರೆ. ಇಬ್ಬರೂ ಪೂರ್ತಿ ಸರಿಯಿಲ್ಲ.

ದಿನಕ್ಕೆ ಹೊಸೆಯುವ ಕಡ್ಡಿ ಕ್ಷ ಸಾವಿರ, ಕೈಗೆ ಉಳಿಯುವ ಹಣ ಯ ರೂಪಾಯಿ ಇರಲಿ. ಮೊದಲನೆಯವರದು ಯ = 20ಕ್ಷ. ಇದರ ಚುಕ್ಕಿಗಳು (0, 0), (2, 40), (5, 100). ಎರಡನೆಯವರದು ಯ = 30ಕ್ಷ − 40. ಇದರ ಚುಕ್ಕಿಗಳು (0, −40), (2, 20), (5, 110). ಯ-ಅಕ್ಷದಲ್ಲಿ ಒಂದು ಚೌಕಕ್ಕೆ 10 ರೂಪಾಯಿ ಎಂದು ಪ್ರಮಾಣ ಇಟ್ಟುಕೊಳ್ಳಿ, ಇಲ್ಲದಿದ್ದರೆ ಹಾಳೆ ಸಾಲದು. ಎರಡು ಗೆರೆಗಳೂ (4, 80) ಎಂಬಲ್ಲಿ ಒಂದನ್ನೊಂದು ದಾಟುತ್ತವೆ. ಅಂದರೆ ದಿನಕ್ಕೆ ನಾಲ್ಕು ಸಾವಿರ ಕಡ್ಡಿ ಹೊಸೆದರೆ ಯಾರ ಬಳಿ ಮಾಡಿದರೂ 80 ರೂಪಾಯಿ. ಮೂರೇ ಸಾವಿರ ಆಗುವುದಾದರೆ ಮೊದಲನೆಯವರಲ್ಲಿ 60, ಎರಡನೆಯವರಲ್ಲಿ 50. ಐದು ಸಾವಿರ ಹೊಸೆಯುವ ಚುರುಕು ಕೈಯಾದರೆ ಮೊದಲನೆಯವರಲ್ಲಿ 100, ಎರಡನೆಯವರಲ್ಲಿ 110. ಎರಡನೆಯ ಗೆರೆಯ ಒಂದು ಭಾಗ ಕ್ಷ-ಅಕ್ಷಕ್ಕಿಂತ ಕೆಳಗಿದೆಯಲ್ಲ, ಅದನ್ನೂ ಸುಮ್ಮನೆ ಬಿಡಬೇಡಿ. ಆಟೋ ಮಾಡಿಕೊಂಡು ಸಾಮಾನು ತಂದ ದಿನ ಮಗುವಿಗೆ ಜ್ವರ ಬಂದು ಒಂದು ಕಡ್ಡಿಯನ್ನೂ ಹೊಸೆಯಲಾಗದಿದ್ದರೆ 40 ರೂಪಾಯಿ ಕೈಯಿಂದ ಹೋಯಿತು. −40 ಎಂದರೆ ಅದು.

ಈಗ ನಾನು ಚಿಕ್ಕವನಿದ್ದಾಗ ಮಾಡಿದ ತಪ್ಪನ್ನೇ ಇಲ್ಲಿ ಮಾಡೋಣ. (0, −40) ಬದಲು (0, 40) ಎಂದು ಬರೆದು, (2, 20)ಕ್ಕೆ ಸೇರಿಸಿ ಗೆರೆ ಎಳೆಯಿರಿ. ಗೆರೆ ಇಳಿಯುತ್ತದೆ. ಹೆಚ್ಚು ಹೊಸೆದಷ್ಟೂ ಎರಡನೆಯವರಲ್ಲಿ ಕಡಿಮೆ ಸಿಗುತ್ತದೆ, ಚುರುಕು ಕೈಯವರು ಅವರ ಹತ್ತಿರ ಹೋಗಲೇಬಾರದು ಎಂದು ಆ ನಕ್ಷೆ ಹೇಳುತ್ತದೆ. ನಿಜ ಇರುವುದು ಇದಕ್ಕೆ ತಿರುಗುಮುರುಗಾಗಿ. ಅಂದವಾದ ಆ ತಪ್ಪು ನಕ್ಷೆಯನ್ನು ನಂಬಿ ಅಮ್ಮ ಮೊದಲನೆಯವರ ಬಳಿಯೇ ಉಳಿದರೆ ದಿನಕ್ಕೆ ಹತ್ತು ರೂಪಾಯಿ ನಷ್ಟ. ತಿಂಗಳಿಗೆ 25 ದಿನ ಕೆಲಸವಾದರೆ 250 ರೂಪಾಯಿ. (5, 110) ಎಂಬ ಒಂದು ಚುಕ್ಕಿ ಇಟ್ಟಿದ್ದರೆ ಅದು ಗೆರೆಯಿಂದ ದೂರ ನಿಂತು ಕೂಗಿ ಹೇಳುತ್ತಿತ್ತು.

ಮುಂದೆ ನೀವು ಹತ್ತನೆಯ ತರಗತಿಗೆ ಹೋದಾಗ ಎರಡು ಸಮೀಕರಣಗಳನ್ನು ನಕ್ಷೆಯ ಮೂಲಕ ಬಿಡಿಸುವುದನ್ನು ಕಲಿಯುತ್ತೀರಿ. ಇದನ್ನು ಅಂಕ ತರುವ ಪ್ರಶ್ನೆ ಎಂದು ಎಷ್ಟೋ ಮಂದಿ ಬಾಯಿಪಾಠ ಮಾಡುತ್ತಾರೆ. ಮಾಡಲಿ, ನನ್ನ ಅಡ್ಡಿಯಿಲ್ಲ. ಆದರೆ ಗೆರೆಗಳು ಕೂಡುವ ಜಾಗಕ್ಕೆ ಒಂದು ಅರ್ಥವಿದೆ ಎಂಬುದನ್ನು ನೀವು ಈಗಲೇ, ಊದುಬತ್ತಿಯ ಲೆಕ್ಕದಲ್ಲಿಯೇ ಕಂಡಿರಿ.

ಒಂದು ಮಾತನ್ನು ಮುಚ್ಚಿಡಬಾರದು. ಮೂರನೆಯ ಚುಕ್ಕಿ ಎಲ್ಲ ತಪ್ಪುಗಳನ್ನೂ ಹಿಡಿಯುವುದಿಲ್ಲ. 2ಕ್ಷ + 3ಯ = 12 ಎಂಬುದಕ್ಕೆ (0, 4), (3, 2), (6, 0) ಸರಿಯಾದ ಚುಕ್ಕಿಗಳು. ಮೇನ್ ಮತ್ತು ಕ್ರಾಸ್ ಅದಲುಬದಲು ಮಾಡಿದಂತೆ ಮೂರನ್ನೂ ತಿರುಗಿಸಿ (4, 0), (2, 3), (0, 6) ಎಂದು ಇಟ್ಟರೆ, ಅವೂ ಮೂರು ಒಂದೇ ಸಾಲಿನಲ್ಲಿ ನಿಲ್ಲುತ್ತವೆ! ಮೂವರು ಸಾಕ್ಷಿಗಳೂ ಕೂಡಿ ಒಂದೇ ಸುಳ್ಳು ಹೇಳಿದಂತೆ. ಇದಕ್ಕೆ ಮದ್ದು ಬೇರೆ. ಗೆರೆ ಎಳೆದಾದ ಮೇಲೆ ಅದರ ಮೇಲೆಯೇ ಯಾವುದಾದರೂ ಒಂದು ಜಾಗ ಆರಿಸಿ, ಅಡ್ಡಕ್ಕೆ ಎಷ್ಟು, ಎತ್ತರಕ್ಕೆ ಎಷ್ಟು ಎಂದು ಓದಿ, ಮತ್ತೆ ಸಮೀಕರಣದಲ್ಲಿ ಹಾಕಿ ನೋಡಿ. (2, 3) ಹಾಕಿದರೆ 4 + 9 = 13. ಹನ್ನೆರಡು ಬರಲಿಲ್ಲ, ಕಳ್ಳ ಸಿಕ್ಕಿಬಿದ್ದ.

ಈಗ ನಿಮಗೊಂದು ಕೆಲಸ. ಮನೆಯಲ್ಲಿ ದೊಡ್ಡವರು ಇರುವಾಗ ಒಂದು ಊದುಬತ್ತಿ ತೆಗೆದುಕೊಳ್ಳಿ. ಹಿಟ್ಟು ಅಂಟಿರುವ ಭಾಗವನ್ನು ಮಾತ್ರ ಸ್ಕೇಲಿನಿಂದ ಅಳೆದು ಬರೆದುಕೊಳ್ಳಿ, ಕೆಳಗಿನ ಬರಿ ಕಡ್ಡಿ ಬೇಡ. ಹಚ್ಚಿ ಗಡಿಯಾರ ನೋಡಿ. ಹತ್ತು ಹತ್ತು ನಿಮಿಷಕ್ಕೆ ಉಳಿದ ಉದ್ದವನ್ನು ಅಳೆಯಿರಿ, ಕಿಡಿಗೆ ಬೆರಳು ತಾಗಿಸಬೇಡಿ. ಉದಾಹರಣೆಗೆ ಮೊದಲ ಉದ್ದ 16 ಸೆಂಟಿಮೀಟರ್ ಇದ್ದು, ಹತ್ತು ನಿಮಿಷಕ್ಕೆ 4 ಸೆಂಟಿಮೀಟರ್ ಉರಿದರೆ ಸಮೀಕರಣ ಯ = 16 − 4ಕ್ಷ. ಇಲ್ಲಿ ಕ್ಷ ಎಂದರೆ ಎಷ್ಟು ಹತ್ತು ನಿಮಿಷಗಳು ಕಳೆದವು ಎಂಬುದು. ಮೊದಲೆರಡು ಚುಕ್ಕಿ ಇಟ್ಟು ಗೆರೆ ಎಳೆದು, ಕಡ್ಡಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಮೊದಲೇ ಬರೆದಿಡಿ. ಗೆರೆಯನ್ನು ಕ್ಷ-ಅಕ್ಷ ಮುಟ್ಟುವಲ್ಲಿಗೆ ನಿಲ್ಲಿಸಿ; ಸಮೀಕರಣ ಕೆಳಗೆ ಹೋಗುತ್ತಲೇ ಇರುತ್ತದೆ, ಆದರೆ −4 ಸೆಂಟಿಮೀಟರ್ ಉದ್ದದ ಊದುಬತ್ತಿ ಯಾವ ಅಂಗಡಿಯಲ್ಲೂ ಇಲ್ಲ. ಆಮೇಲೆ ಮೂರನೆಯ ಅಳತೆಗೆ ಕಾಯಿರಿ. ಚುಕ್ಕಿ ಗೆರೆಯಿಂದ ಕೆಳಗೆ ಬಿದ್ದರೆ, ನಡುವೆ ಯಾರಾದರೂ ಫ್ಯಾನ್ ಹಾಕಿದರೇ ಎಂದು ಮನೆಯವರನ್ನು ಕೇಳಿ.